ಅಮೆರಿಕದ ಆನರ್ಸ್ ಕಾಲೇಜುಗಳು: ಯಾವುದು ಯಾರಿಗೆ?

ಯುಗಾದಿ ಬರುವ ಹೊತ್ತಿಗೆ ಇಲ್ಲಿ ನ್ಯೂಜೆರ್ಸಿಯಲ್ಲಿ ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಿಗೆ ಕಾಲೇಜುಗಳಿಂದ ಉತ್ತರ ಬರಲು ಶುರುವಾಗಿರುತ್ತದೆ. ಹಬ್ಬದೂಟದ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ರಟ್ಗರ್ಸ್‌ನಲ್ಲಿ ಆನರ್ಸ್ ಸಿಕ್ಕಿದೆ, ಪೆನ್ ಸ್ಟೇಟ್‌ನಲ್ಲಿ ಶ್ರೈಯರ್ ಸಿಕ್ಕಿದೆ, ಯಾವುದಕ್ಕೆ ಹೆಸರು ಜಾಸ್ತಿ?" ಎರಡೂ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಒಳಗಿನ ಆನರ್ಸ್ ಕಾಲೇಜುಗಳು. ಮಗಳ ಸರದಿ ಬಂದಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನು ಕೇಳಿದವಳು. ಅವಳದು ಮುಗಿದು, ಸಾಗರದಿಂದ ಅರ್ಜಿ ಹಾಕಿದ ನನ್ನ ತಮ್ಮನ ಮಗನದೂ ಮುಗಿದ ಮೇಲೆ ನಾನು ಕೇಳುವ ಪ್ರಶ್ನೆ ಬದಲಾಗಿದೆ. ನಾಲ್ಕನೇ ವರ್ಷದಲ್ಲಿ ಈ ಕಾರ್ಯಕ್ರಮ ವಿದ್ಯಾರ್ಥಿಯ ಕೈಯಿಂದ ಏನು ಮಾಡಿಸುತ್ತದೆ? ಅಲ್ಲಿಂದ ಹಿಂದಕ್ಕೆ ಓದಿಕೊಂಡು ಬಂದರೆ ಆಯ್ಕೆ ಸಲೀಸಾಗುತ್ತದೆ.

ಮೊದಲು ಪದದ ಗೊಂದಲ ತೀರಿಸಿಕೊಳ್ಳೋಣ. ನಮ್ಮ ಹಿರಿಯರಿಗೆ ಆನರ್ಸ್ ಎಂದರೆ ಒಂದೇ ವಿಷಯವನ್ನು ಆಳವಾಗಿ ಓದಿದ ಪದವಿ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಈಗಲೂ ಹಾಗೇ ಇದೆ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಜೊತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೇ ಮರಳಿದ್ದಾಯಿತು. ಅಮೆರಿಕದ್ದು ಇದ್ಯಾವುದೂ ಅಲ್ಲ. ಕಂಪ್ಯೂಟರ್ ಸೈನ್ಸ್ ಇರಲಿ, ಜೀವಶಾಸ್ತ್ರ ಇರಲಿ, ಇತಿಹಾಸ ಇರಲಿ, ಹುಡುಗಿ ಓದುವ ಪದವಿ ಅದೇ. ಅದರ ಮೇಲೆ ಇನ್ನೊಂದು ಪದರ ಸೇರುತ್ತದೆ: ಹದಿನೈದಿಪ್ಪತ್ತು ಜನರ ಸಣ್ಣ ತರಗತಿಗಳು, ಬೇರೆ ಹಾಸ್ಟೆಲು, ಸಲಹೆಗೆ ಪ್ರತ್ಯೇಕ ಅಧ್ಯಾಪಕರು, ಕೋರ್ಸುಗಳನ್ನು ಉಳಿದವರಿಗಿಂತ ಮೊದಲು ಆರಿಸಿಕೊಳ್ಳುವ ಅವಕಾಶ, ಬಹಳ ಕಡೆ ಕೊನೆಗೊಂದು ಥೀಸಿಸ್, ಅಂದರೆ ಉದ್ದನೆಯ ಸಂಶೋಧನಾ ಪ್ರಬಂಧ. ನಲವತ್ತು ಸಾವಿರ ಜನರ ಸರ್ಕಾರಿ ವಿಶ್ವವಿದ್ಯಾಲಯದ ಒಳಗೆ ಒಂದು ಸಣ್ಣ ಕಾಲೇಜನ್ನು ಕಟ್ಟಿಕೊಟ್ಟ ಹಾಗೆ.

ಇದರ ಬೇರು ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿದೆ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಓದಿದ್ದ ಫ್ರ್ಯಾಂಕ್ ಐಡೆಲಾಟ್ ಅಲ್ಲಿನ ಅಧ್ಯಕ್ಷರಾದ ಮೇಲೆ, 1922ರಲ್ಲಿ, ಆಕ್ಸ್‌ಫರ್ಡ್ ಮಾದರಿಯ ಆನರ್ಸ್ ಓದನ್ನು ಆರಂಭಿಸಿದರು. ಅಲ್ಲಿ ಇಂದಿಗೂ ಹೊರಗಿನ ಪರೀಕ್ಷಕರು ಬಂದು ಕೊನೆಯ ವರ್ಷದವರನ್ನು ಪರೀಕ್ಷಿಸುತ್ತಾರೆ. ಅದು ಆಳದ ದಾರಿ. ಆಮೇಲೆ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು ಹಿಡಿದದ್ದು ಹೆಚ್ಚಾಗಿ ಅಗಲದ ದಾರಿ: ಎಂಜಿನಿಯರಿಂಗ್ ಓದುವವನೂ ತತ್ವಶಾಸ್ತ್ರ ಓದಲಿ, ಚರ್ಚೆ ಮಾಡಲಿ, ಬರೆಯಲಿ ಎಂಬ ಆಸೆ. ನಿಮ್ಮ ಮಗ ಯಾವ ಬಗೆಯವನು ಎಂಬುದು ನಿಮಗೆ ಈಗಾಗಲೇ ಗೊತ್ತಿರುತ್ತದೆ. ಒಂದೇ ಗಣಿತದ ಲೆಕ್ಕಕ್ಕೆ ಮೂರು ದಿನ ಅಂಟಿಕೊಳ್ಳುವವನೋ, ಒಂದು ಸಂಜೆಗೆ ಮೂರು ಪುಸ್ತಕ ತೆರೆದಿಡುವವನೋ? ಮೊದಲನೆಯವನಿಗೆ ವಿಭಾಗದ ಆನರ್ಸ್, ಅಂದರೆ ಅವನು ಓದುವ ವಿಷಯದ ವಿಭಾಗವೇ ನಡೆಸುವ ಆನರ್ಸ್, ಹಿತ. ಅದಕ್ಕೆ ಹನ್ನೆರಡನೇ ತರಗತಿಯಲ್ಲೇ ಅರ್ಜಿ ಬೇಕಿಲ್ಲ, ಬಹಳ ಕಡೆ ಎರಡನೇ ಅಥವಾ ಮೂರನೇ ವರ್ಷದಲ್ಲಿ ಸೇರಬಹುದು. ಈ ಮಾತು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಆನರ್ಸ್ ಸಿಗಲಿಲ್ಲವೆಂದು ಮಕ್ಕಳು ಅತ್ತದ್ದನ್ನು ನೋಡಿದ್ದೇನೆ.

ಕೆಲವು ಕಾರ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ

ಪೆನ್ ಸ್ಟೇಟಿನ ಶ್ರೈಯರ್ ಆನರ್ಸ್ ಕಾಲೇಜಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿನ ನಿಯಮ ಸ್ಪಷ್ಟ. 1980ರಲ್ಲಿ ಸಣ್ಣ ಕಾರ್ಯಕ್ರಮವಾಗಿ ಹುಟ್ಟಿ, 1997ರಲ್ಲಿ ಶ್ರೈಯರ್ ದಂಪತಿ ಕೊಟ್ಟ 3 ಕೋಟಿ ಡಾಲರಿನ ದಾನದಿಂದ ಕಾಲೇಜಾಯಿತು. ವರ್ಷಕ್ಕೆ ಸುಮಾರು 300 ಹೊಸಬರು. ಯಾವ ವಿಷಯ ಓದಿದರೂ ಕೊನೆಗೆ ಥೀಸಿಸ್ ಬರೆಯಲೇಬೇಕು, ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) 3.40ಕ್ಕಿಂತ ಕೆಳಗೆ ಇಳಿಯಬಾರದು. ಮೊದಲ ವರ್ಷಕ್ಕೇ ಸೇರಿದವರಿಗೆ ವರ್ಷಕ್ಕೆ 5,000 ಡಾಲರ್ ವಿದ್ಯಾರ್ಥಿವೇತನವಿದೆ. ಅರ್ಜಿ ಬೇರೆ, ಅದರಲ್ಲಿ ಬರೆಯುವುದು ಬಹಳ. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವನ್ನು ಅವರು ನೋಡುವುದೇ ಇಲ್ಲ. ಬರೆಯುವ ಕೈ ಇರುವ, ಪರೀಕ್ಷೆಯಲ್ಲಿ ಸ್ವಲ್ಪ ತಡವರಿಸುವ ಹುಡುಗಿಗೆ ಇದಕ್ಕಿಂತ ನ್ಯಾಯವಾದ ಬಾಗಿಲು ಕಡಿಮೆ.

ಅರಿಜೋನ ಸ್ಟೇಟಿನ ಬ್ಯಾರೆಟ್ ಇದಕ್ಕೆ ತದ್ವಿರುದ್ಧದ ಗಾತ್ರದ್ದು. 1988ರಲ್ಲಿ ಶುರುವಾಗಿ, 2000ದಲ್ಲಿ ಇಂಟೆಲ್ ಕಂಪನಿಯ ಮುಖ್ಯಸ್ಥರಾಗಿದ್ದ ಕ್ರೇಗ್ ಬ್ಯಾರೆಟ್ ಮತ್ತು ಪತ್ನಿ ಬಾರ್ಬರಾ ಅವರ ಹೆಸರು ಪಡೆಯಿತು. ಇಂದು ಅಲ್ಲಿ 7,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಟೆಂಪಿಯಲ್ಲಿ 2009ರಿಂದ ಆನರ್ಸ್ ವಿದ್ಯಾರ್ಥಿಗಳಿಗೇ ಮೀಸಲಾದ ಆವರಣವಿದೆ, ಊಟದ ಮನೆ, ತರಗತಿ, ಹಾಸ್ಟೆಲು ಎಲ್ಲ ಒಂದೇ ಕಡೆ. ಮೊದಲ ವರ್ಷ ಎರಡು ಸೆಮಿಸ್ಟರ್ ಉದ್ದಕ್ಕೂ 'ದಿ ಹ್ಯೂಮನ್ ಈವೆಂಟ್' ಎಂಬ ಚರ್ಚೆಯ ತರಗತಿ, ಕೊನೆಗೆ ಥೀಸಿಸ್. ಮಾಮೂಲಿ ಶುಲ್ಕದ ಮೇಲೆ ಸೆಮಿಸ್ಟರಿಗೊಂದು ಆನರ್ಸ್ ಶುಲ್ಕವನ್ನೂ ಕಟ್ಟಬೇಕು. ಇದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳದೆ ವಿದ್ಯಾರ್ಥಿವೇತನದ ಅಂಕಿಯೊಂದನ್ನೇ ನೋಡಿ ನಿರ್ಧರಿಸಬೇಡಿ.

ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ 1935ರಿಂದ ಇರುವ ಪ್ಲ್ಯಾನ್ ಟೂ ಇವೆಲ್ಲಕ್ಕಿಂತ ಬೇರೆ, ಅದು ಪದವಿಯ ಮೇಲಿನ ಪದರವಲ್ಲ, ತಾನೇ ಒಂದು ಪದವಿ. ಮೊದಲ ವರ್ಷ ಪ್ರಪಂಚ ಸಾಹಿತ್ಯ, ಆಮೇಲೆ ತತ್ವಶಾಸ್ತ್ರ, ಕೊನೆಗೆ ಥೀಸಿಸ್. ಎಂಜಿನಿಯರಿಂಗ್ ಅಥವಾ ಬಿಸಿನೆಸ್ ಜೊತೆ ಇದನ್ನೂ ಹಿಡಿಯುವವರಿದ್ದಾರೆ, ಆದರೆ ಅದು ಎರಡು ಎತ್ತಿನ ಭಾರವನ್ನು ಒಂದೇ ಹೆಗಲಿಗೆ ಕಟ್ಟಿಕೊಂಡಂತೆ. ಕಂಪ್ಯೂಟರ್ ಸೈನ್ಸಿನ ಆಳವೇ ಬೇಕೆಂದರೆ ಅದೇ ಕ್ಯಾಂಪಸ್ಸಿನಲ್ಲಿ ಟ್ಯೂರಿಂಗ್ ಸ್ಕಾಲರ್ಸ್ ಇದೆ, ಬಿಸಿನೆಸ್‌ಗೆ ಕ್ಯಾನ್‌ಫೀಲ್ಡ್ ಇದೆ. ಡಲ್ಲಾಸ್, ಆಸ್ಟಿನ್ ಕಡೆಯ ನಮ್ಮ ಜನರಿಗೆ ಒಂದು ಮಾತು ಒತ್ತಿ ಹೇಳಬೇಕು. ಟೆಕ್ಸಾಸಿನ ಕಾನೂನಿನ ಪ್ರಕಾರ ಶಾಲೆಯ ಮೇಲಿನ ಸ್ಥಾನಗಳಲ್ಲಿರುವವರಿಗೆ ಆಸ್ಟಿನ್ ಪ್ರವೇಶ ತಾನಾಗಿ ಸಿಗುತ್ತದೆ. ಆ ಗೆರೆ ಮೇಲಿನ ಶೇ. 6 ಇದ್ದದ್ದು 2026ರ ಶರತ್ಕಾಲದ ಪ್ರವೇಶದಿಂದ ಶೇ. 5ಕ್ಕೆ ಇಳಿದಿದೆ. ಹೀಗೆ ತಾನಾಗಿ ಸಿಗುವುದು ವಿಶ್ವವಿದ್ಯಾಲಯ ಮಾತ್ರ. ಬೇಕಾದ ವಿಷಯವೂ ಆನರ್ಸೂ ತಾನಾಗಿ ಸಿಗುವುದಿಲ್ಲ. ಶಾಲೆಗೆ ಮೊದಲಿಗನಾದರೂ ಆನರ್ಸ್ ಪ್ರಬಂಧಗಳನ್ನು ಕಷ್ಟಪಟ್ಟೇ ಬರೆಯಬೇಕು.

ನ್ಯೂಯಾರ್ಕ್ ರಾಜ್ಯದಲ್ಲಿ ನೆಲೆಸಿದವರು ಮೆಕಾಲೆ ಆನರ್ಸ್ ಕಾಲೇಜನ್ನು ನೋಡದೆ ಮುಂದೆ ಹೋಗಬಾರದು. (ಬ್ರಿಟಿಷರ ಕಾಲದ ಮೆಕಾಲೆಗೂ ಇದಕ್ಕೂ ಸಂಬಂಧವಿಲ್ಲ, 2006ರಲ್ಲಿ 3 ಕೋಟಿ ಡಾಲರ್ ಕೊಟ್ಟ ದಂಪತಿಯ ಹೆಸರದು.) ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಎಂಟು ಕ್ಯಾಂಪಸ್‌ಗಳಲ್ಲಿ ಹರಡಿರುವ ಇದು 2001ರಲ್ಲಿ ಶುರುವಾಯಿತು. ರಾಜ್ಯದ ನಿವಾಸಿ ದರಕ್ಕೆ (ಆ ರಾಜ್ಯದವರಿಗಿರುವ ಕಡಿಮೆ ಶುಲ್ಕಕ್ಕೆ) ಅರ್ಹರಾದವರಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ, ಮೇಲೆ ಒಂದು ಲ್ಯಾಪ್‌ಟಾಪ್, ವಿದೇಶ ಅಧ್ಯಯನ ಮತ್ತು ಇಂಟರ್ನ್‌ಶಿಪ್ಪಿಗೆ ಹಣ. ಮೊದಲೆರಡು ವರ್ಷದ ನಾಲ್ಕು ಸೆಮಿನಾರುಗಳಿಗೆ ನಗರವೇ ಪಠ್ಯ: ಅಲ್ಲಿನ ಕಲೆ, ಅಲ್ಲಿಗೆ ವಲಸೆ ಬಂದ ಜನ, ವಿಜ್ಞಾನ, ನಗರದ ನಾಳೆ. ವಲಸೆ ಬಂದ ಮನೆಯ ಮಕ್ಕಳು ತಮ್ಮ ಬೀದಿಯನ್ನೇ ಅಧ್ಯಯನ ಮಾಡುವುದು ನನಗೆ ಬಹಳ ಇಷ್ಟವಾದ ಸಂಗತಿ. ದೊಡ್ಡ ಹುಲ್ಲುಹಾಸಿನ ಕ್ಯಾಂಪಸ್ ಬದುಕು ಬೇಕೆನ್ನುವವರಿಗೆ ಮಾತ್ರ ಇದು ಹಿಡಿಸಲಿಕ್ಕಿಲ್ಲ.

ನಮ್ಮೂರಿನ ರಟ್ಗರ್ಸ್‌ನಲ್ಲಿ ಬೇರೆ ಅರ್ಜಿಯಿಲ್ಲ. ಮಾಮೂಲಿ ಅರ್ಜಿ ಹಾಕಿದರೆ ನ್ಯೂ ಬ್ರನ್ಸ್‌ವಿಕ್‌ನ ಆನರ್ಸ್ ಕಾಲೇಜಿಗೆ ಅವರೇ ಪರಿಗಣಿಸುತ್ತಾರೆ. 2015ರಲ್ಲಿ ತೆರೆದ ಅದರ ಕಟ್ಟಡದಲ್ಲಿ ಬೇರೆ ಬೇರೆ ಶಾಖೆಗಳ ಮೊದಲ ವರ್ಷದವರು ಒಟ್ಟಿಗೆ ಇರುತ್ತಾರೆ. ಆನರ್ಸ್ ಕಾಲೇಜು ಸಿಗದವರಿಗೆ ಆಯಾ ಶಾಖೆಯ ಆನರ್ಸ್ ಕಾರ್ಯಕ್ರಮ ಸಿಗಬಹುದು. ಅದನ್ನು ಎರಡನೇ ದರ್ಜೆಯದೆಂದು ತಳ್ಳಿಹಾಕಬೇಡಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲೂ ಬೇರೆ ಅರ್ಜಿಯಿಲ್ಲ, ಆದರೆ ನವೆಂಬರ್ 1ರ ಗಡುವಿನೊಳಗೆ ಹಾಕಬೇಕು. ಅಲ್ಲಿನ ಜೆಮ್‌ಸ್ಟೋನ್ ಎಂಬ ಕಾರ್ಯಕ್ರಮದ ಬಗ್ಗೆ ನನಗೆ ವಿಶೇಷ ಗೌರವ. ವಿದ್ಯಾರ್ಥಿಗಳೇ ತಂಡ ಕಟ್ಟಿಕೊಂಡು, ಒಂದು ಪ್ರಶ್ನೆ ಆರಿಸಿಕೊಂಡು, ವರ್ಷಗಟ್ಟಲೆ ಒಬ್ಬ ಅಧ್ಯಾಪಕರ ಜೊತೆ ಸಂಶೋಧನೆ ಮಾಡಿ, ಕೊನೆಯ ವರ್ಷ ತಂಡವಾಗಿಯೇ ಥೀಸಿಸ್ ಮಂಡಿಸುತ್ತಾರೆ. ಒಬ್ಬಳೇ ಕೂತು ನೂರು ಪುಟ ಬರೆಯುವುದೆಂದರೆ ಹೆದರುವ, ನಾಲ್ಕು ಜನರ ನಡುವೆ ಕೆಲಸಕ್ಕೆ ಜೀವ ಬರುವ ಹುಡುಗಿಯರಿದ್ದಾರೆ. ಅಂಥವರಿಗೆ ಇದು ಹೇಳಿ ಮಾಡಿಸಿದ್ದು.

ಇಲಿನಾಯ್ ಅರ್ಬಾನಾದ ಜೇಮ್ಸ್ ಸ್ಕಾಲರ್ ಹಗುರವಾದದ್ದು: ಮಾಮೂಲಿ ಕೋರ್ಸಿನಲ್ಲೇ ಅಧ್ಯಾಪಕರೊಂದಿಗೆ ಒಪ್ಪಂದ ಮಾಡಿಕೊಂಡು ಒಂದು ಹೆಚ್ಚಿನ ಕೆಲಸ ಮಾಡಿದರೆ ಅದಕ್ಕೆ ಆನರ್ಸ್ ಮನ್ನಣೆ. ಎಂಜಿನಿಯರಿಂಗಿನ ಹೊರೆ ಹೊತ್ತವರಿಗೆ ಈ ಹಗುರತನವೇ ಅನುಕೂಲ.

ಒಳಗೆ ಹೋಗುವ ಬಾಗಿಲು

ಅರ್ಜಿಯ ದಾರಿ ಮೂರು ಬಗೆ. ರಟ್ಗರ್ಸ್, ಮೇರಿಲ್ಯಾಂಡ್ ತರಹ ತಾವೇ ಆರಿಸುವವರು. ಶ್ರೈಯರ್, ಪ್ಲ್ಯಾನ್ ಟೂ ತರಹ ಬೇರೆ ಪ್ರಬಂಧ ಕೇಳುವವರು. ಮತ್ತೆ, ಒಳಗೆ ಬಂದ ಮೇಲೆ ಮೊದಲ ವರ್ಷದ ಅಂಕ ನೋಡಿ ಸೇರಿಸಿಕೊಳ್ಳುವವರು. ಮೊದಲನೆಯ ಬಗೆಯಲ್ಲಿ ನಿಮ್ಮ ಕೈಯಲ್ಲಿರುವುದು ಶಾಲೆಯಲ್ಲಿ ಸಿಕ್ಕಿದ್ದರಲ್ಲೇ ಕಠಿಣವಾದ ಕೋರ್ಸು ತೆಗೆದುಕೊಳ್ಳುವುದು ಮತ್ತು ಮೊದಲ ಗಡುವಿಗೇ ಅರ್ಜಿ ಹಾಕುವುದು. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಆನರ್ಸ್ ಆಸೆಯಿದ್ದವರು ದಸರಾ ಮುಗಿಯುವುದರೊಳಗೆ ಕರಡು ಮುಗಿಸಿರಬೇಕು.

ಎರಡನೆಯ ಬಗೆಯಲ್ಲಿ ಎಲ್ಲವೂ ಪ್ರಬಂಧದ ಮೇಲೆ ನಿಂತಿದೆ, ಅಲ್ಲೇ ನಮ್ಮ ಮಕ್ಕಳು ಎಡವುವುದು. ಕಾಮನ್ ಆ್ಯಪಿನ 650 ಪದಗಳ ಪ್ರಬಂಧ ನೀನು ಯಾರು ಎಂದು ಕೇಳುತ್ತದೆ. ಆನರ್ಸ್ ಪ್ರಬಂಧ ಕೇಳುವುದು ನೀನು ಹೇಗೆ ಯೋಚಿಸುತ್ತೀ ಎಂದು. ಮೊದಲನೆಯದನ್ನೇ ತಿರುಗಿಸಿ ಎರಡನೆಯದಕ್ಕೆ ಅಂಟಿಸಿದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ಬಹುಮಾನಗಳ ಪಟ್ಟಿ ಅರ್ಜಿಯಲ್ಲಿ ಬೇರೆ ಕಡೆ ಇದ್ದೇ ಇದೆ, ಪ್ರಬಂಧದಲ್ಲಿ ಅದಕ್ಕೆ ಜಾಗ ಕೊಡಬೇಡಿ.

ನನ್ನ ತಮ್ಮನ ಮಗನ ಕರಡು ಮೊದಲು ಬಂದಾಗ ಅದರಲ್ಲಿ ಎಸ್ಸೆಸ್ಸೆಲ್ಸಿ ಶೇಕಡಾವಾರು, ಒಲಿಂಪಿಯಾಡ್, ಸಿಇಟಿ ತಯಾರಿ ಎಲ್ಲ ಇತ್ತು, ಅವನೊಬ್ಬ ಇರಲಿಲ್ಲ. ಫೋನಿನಲ್ಲಿ ಕೇಳಿದೆ, "ಯಾರೂ ಹೇಳದೆ ನೀನೇ ಕುತೂಹಲಕ್ಕೆ ಮಾಡಿದ್ದು ಏನಾದ್ರೂ ಇದೆಯೇನೋ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ, ಚೊಗರಿನ ಲೆಕ್ಕ ಇದೆ, ಅದೆಲ್ಲ ಬರೀಬಹುದಾ?" ಎಂದ. ಅಡಿಕೆ ಸುಗ್ಗಿಯಲ್ಲಿ ಹಂಡೆಯಲ್ಲಿ ಅಡಿಕೆ ಬೇಯಿಸಿದ ನೀರು ದಿನ ಕಳೆದ ಹಾಗೆ ಮಂದವಾಗಿ ಚೊಗರಾಗುತ್ತದೆ, ಬಣ್ಣ ಬರುವುದು ಅದರಿಂದ. ನಮ್ಮ ಮನೆಯ ಅಡಿಕೆಗೂ ಪಕ್ಕದ ಮನೆಯದಕ್ಕೂ ಬಣ್ಣ ಯಾಕೆ ಬೇರೆ ಎಂದು ಅವನು ಎರಡು ಸುಗ್ಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದ: ಎಷ್ಟನೇ ಹಂಡೆ, ಎಷ್ಟು ಹೊತ್ತು, ಯಾವ ಬಾವಿಯ ನೀರು. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್ ಬಗ್ಗೆ ಪಿಯುಸಿ ಪುಸ್ತಕದಲ್ಲಿ ಹುಡುಕಿದ್ದ. ಉತ್ತರ ಸಿಕ್ಕಿರಲಿಲ್ಲ. ಸಿಗಲಿಲ್ಲ ಎಂಬುದನ್ನೂ, ಈಗ ಮಾಡಿದರೆ ಹೇಗೆ ಬೇರೆ ಮಾಡುತ್ತೇನೆ ಎಂಬುದನ್ನೂ ಬರೆ ಎಂದೆ. ಅವನು ಬರೆದ ಆ ಒಂದೂವರೆ ಪುಟವನ್ನು ಓದಿ ನನಗೆ ಕಣ್ಣು ತುಂಬಿತು. ಹಾಕಿದ ಮೂರು ಆನರ್ಸ್ ಅರ್ಜಿಗಳಲ್ಲಿ ಎರಡು ಒಪ್ಪಿಗೆಯಾದವು.

ಊರಿನಿಂದ ಅರ್ಜಿ ಹಾಕುವವರಿಗೆ ಇನ್ನೊಂದು ಕಷ್ಟ ಶಿಫಾರಸು ಪತ್ರ. ನೂರಾರು ಮಕ್ಕಳಿಗೆ ಪಾಠ ಹೇಳುವ ಪಿಯು ಉಪನ್ಯಾಸಕರಿಗೆ ಇಂಥ ಪತ್ರ ಬರೆದು ರೂಢಿಯಿರುವುದಿಲ್ಲ. ವಿಧೇಯ, ಶ್ರಮಜೀವಿ, ತರಗತಿಗೆ ಮೊದಲಿಗ ಎಂದು ಮೂರು ಸಾಲು ಬರೆದುಕೊಡುತ್ತಾರೆ. ತಪ್ಪು ಅವರದಲ್ಲ. ವಿದ್ಯಾರ್ಥಿಯೇ ಹೋಗಿ, "ಸರ್, ಆವತ್ತು ಲ್ಯಾಬಿನಲ್ಲಿ ನಾನು ಹೀಗೆ ಕೇಳಿದ್ದೆ, ನೀವು ಹೀಗೆ ಹೇಳಿದ್ದಿರಿ" ಎಂದು ಎರಡು ಮೂರು ಸಂದರ್ಭಗಳನ್ನು ನೆನಪಿಸಿ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ಪತ್ರಕ್ಕೆ ಜೀವ ಬರುತ್ತದೆ. ತೀರಾ ಹೆಸರಾಂತ ಗುರುಗಳಿಗಿಂತ ನಿಮ್ಮ ಪ್ರಶ್ನೆ ನೆನಪಿರುವ ಗುರುಗಳು ವಾಸಿ.

ಹಣ, ವೀಸಾ ಮತ್ತು ಎಪಿ ಎಂಬ ಬಲೆ

ವೀಸಾದ ಮೇಲಿರುವ ಮನೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇಲ್ಲ. ಎಚ್-4 (ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಅವಲಂಬಿತ ವೀಸಾ) ಮಕ್ಕಳಿಗೂ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಬರುವವರಿಗೂ ಇದು ಒಂದೇ. ಎಚ್-4 ಮಕ್ಕಳು 21 ದಾಟಿದರೆ ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಅಂದರೆ ಪದವಿಯ ನಡುವೆಯೇ. ಆಗ ರಾಜ್ಯದ ನಿವಾಸಿ ದರ ಉಳಿಯುತ್ತದೋ, ಆನರ್ಸ್ ವಿದ್ಯಾರ್ಥಿವೇತನ ಆ ದರಕ್ಕೆ ಕಟ್ಟಿಹಾಕಿದ್ದೋ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಫೋನಿನಲ್ಲಿ ಕೇಳಿ ತೃಪ್ತರಾಗಬೇಡಿ. ಇಮೇಲ್ ಬರೆದು, ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ.

ಇನ್ನು ಎಪಿ, ಅಂದರೆ ಶಾಲೆಯಲ್ಲಿದ್ದಾಗಲೇ ಬರೆದು ಕಾಲೇಜು ಕೋರ್ಸಿನ ಮನ್ನಣೆ ಪಡೆಯಬಹುದಾದ ಪರೀಕ್ಷೆಗಳು. ನನ್ನ ಮಗಳ ಮೇಲೆ ಬಿದ್ದ ಪೆಟ್ಟು ಇದು, ಅದಕ್ಕೇ ವಿವರವಾಗಿ ಹೇಳುತ್ತೇನೆ. ಶಾಲೆಯಲ್ಲೇ ಅವಳು ಎಂಟು ಎಪಿ ಪರೀಕ್ಷೆ ಮುಗಿಸಿದ್ದಳು. ಇತಿಹಾಸ, ಇಂಗ್ಲಿಷ್, ಮನಶ್ಶಾಸ್ತ್ರ ಎಲ್ಲ ಬಂದುಹೋಗಿದ್ದರಿಂದ ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಓದಲೇಬೇಕಾದ ಸಾಮಾನ್ಯ ಕೋರ್ಸುಗಳ ಬಹುಪಾಲು ಮುಗಿದೇ ಹೋಗಿತ್ತು. ನಾವು ಹಿಗ್ಗಿದೆವು. ಆದರೆ ಅವಳು ಸೇರಿದ ಕಡೆ ಆನರ್ಸ್ ಸೆಮಿನಾರುಗಳು ಎಣಿಕೆಯಾಗುತ್ತಿದ್ದದ್ದು ಅದೇ ಸಾಮಾನ್ಯ ಕೋರ್ಸುಗಳ ಜಾಗದಲ್ಲಿ. ಆ ಜಾಗ ತುಂಬಿಹೋಗಿದ್ದರಿಂದ ಪ್ರತಿ ಸೆಮಿನಾರೂ ಅವಳಿಗೆ ಮೇಲಿನ ಹೊರೆಯಾಯಿತು. ಬಯೋಮೆಡಿಕಲ್ ಎಂಜಿನಿಯರಿಂಗ್ ಲ್ಯಾಬುಗಳ ನಡುವೆ ಆ ಸೆಮಿನಾರುಗಳಿಗೆ ಓಡಿ, ಮೂರನೇ ವರ್ಷದಲ್ಲಿ ಸುಸ್ತಾಗಿ ಆನರ್ಸ್ ಬಿಟ್ಟಳು. ಬಿಟ್ಟದ್ದಕ್ಕೆ ನನಗೆ ಬೇಸರವಿಲ್ಲ, ಮೊದಲೇ ಕೇಳದಿದ್ದದ್ದಕ್ಕೆ ಇದೆ. ಎಂಜಿನಿಯರಿಂಗ್ ಅಥವಾ ಪ್ರಿ-ಮೆಡ್ (ವೈದ್ಯಕೀಯಕ್ಕೆ ಮೊದಲಿನ ತಯಾರಿ) ಓದುವವರು ಯಾವ ಆನರ್ಸ್ ಕಚೇರಿಗೂ ಹಾಕಬೇಕಾದ ಮೊದಲ ಪ್ರಶ್ನೆ: "ನನ್ನ ವಿಷಯದ ಆನರ್ಸ್ ವಿದ್ಯಾರ್ಥಿಯೊಬ್ಬರ ನಾಲ್ಕು ವರ್ಷದ ಕೋರ್ಸು ಪಟ್ಟಿ ತೋರಿಸುತ್ತೀರಾ?" ಎರಡನೆಯದು: "ಸೇರಿದವರಲ್ಲಿ ಎಷ್ಟು ಜನ ಆನರ್ಸ್ ಮುಗಿಸಿಯೇ ಹೊರಗೆ ಹೋಗುತ್ತಾರೆ?" ಎರಡನೆಯದಕ್ಕೆ ನೇರ ಅಂಕಿ ಹೇಳುವ ಕಚೇರಿಯನ್ನು ನಾನು ನಂಬುತ್ತೇನೆ.

ಹೆಸರಾಂತ ಖಾಸಗಿ ಕಾಲೇಜೋ, ಸರ್ಕಾರಿ ವಿಶ್ವವಿದ್ಯಾಲಯದ ಆನರ್ಸೋ ಎಂಬ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು. ಖಾಸಗಿ ಕಾಲೇಜಿಗೆ ಮನೆ ಮೇಲೆ ಸಾಲ ಎತ್ತಬೇಕಾದರೆ ಆನರ್ಸ್ ಆರಿಸಿ. ಸಾಲವಿಲ್ಲದೆ ಆಗುವುದಾದರೆ ಅಥವಾ ಅವರೇ ಒಳ್ಳೆಯ ನೆರವು ಕೊಟ್ಟರೆ, ಎರಡೂ ಕಡೆ ಒಂದೊಂದು ದಿನ ತರಗತಿಯಲ್ಲಿ ಕೂತು ಬಂದ ಮೇಲೆ ಮಕ್ಕಳೇ ಹೇಳಲಿ. ಮುಂದೆ ಡಾಕ್ಟರಿಗೋ ಪಿಎಚ್‌ಡಿಗೋ ಹೋಗುವವರಿಗೆ ಉಳಿದ ಹಣ ಆಗ ಬೇಕಾಗುತ್ತದೆ.

ಸೇರುತ್ತೇವೆಂದು ಕಾಲೇಜಿಗೆ ಉತ್ತರ ಕೊಡಲು ಹೆಚ್ಚಿನ ಕಡೆ ಮೇ 1 ಕೊನೆಯ ದಿನ. ಅದಕ್ಕೆ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಮಕ್ಕಳ ಜೊತೆ ಕೂತು ಥೀಸಿಸ್‌ಗಳನ್ನು ತೆರೆದು ನೋಡಿ. ಶ್ರೈಯರ್ ವಿದ್ಯಾರ್ಥಿಗಳ ಥೀಸಿಸ್‌ಗಳು ಪೆನ್ ಸ್ಟೇಟ್ ಗ್ರಂಥಾಲಯದ ಜಾಲತಾಣದಲ್ಲಿವೆ. 1960ರಿಂದ ನಡೆಯುತ್ತಿರುವ ಆರೆಗನ್ನಿನ ಕ್ಲಾರ್ಕ್ ಆನರ್ಸ್ ಕಾಲೇಜಿನವರದೂ ಹಾಗೆ ಓದಲು ಸಿಗುತ್ತವೆ. ತನ್ನ ವಿಷಯದ ನಾಲ್ಕೈದನ್ನು ತೆಗೆದು, ಬೇರೇನೂ ಬೇಡ, ಮೊದಲ ಎರಡು ಪುಟ ಓದಿದರೆ ಸಾಕು. ತಮ್ಮನ ಮಗ ಎರಡು ಒಪ್ಪಿಗೆಗಳ ನಡುವೆ ತೂಗಾಡುತ್ತಿದ್ದಾಗ ಹೀಗೇ ಮಾಡಿದ. ಅಲ್ಲಿಯವರೆಗೆ ರ‍್ಯಾಂಕಿಂಗ್ ಹೇಳುತ್ತಿದ್ದವನು ರಾತ್ರಿ ಹನ್ನೊಂದಕ್ಕೆ ಒಂದು ಕೊಂಡಿ ಕಳಿಸಿದ. ಸಸ್ಯಗಳ ಬಣ್ಣದಿಂದ ಬಟ್ಟೆಗೆ ಬಣ್ಣ ಹಾಕುವುದರ ಮೇಲೆ ಯಾರೋ ಹುಡುಗಿ ಬರೆದ ಥೀಸಿಸ್. ಕೆಳಗೆ ಒಂದೇ ಸಾಲು ಬರೆದಿದ್ದ: "ಅತ್ತೆ, ಇವಳಿಗೆ ಪಾಠ ಹೇಳಿದ ಮೇಷ್ಟ್ರು ಇನ್ನೂ ಅಲ್ಲೇ ಇದ್ದಾರೆ."